ಒಂಬತ್ತು ಗೇಣು ಒಳಗೆ

ಬೆಟಗೇರಿಯಲ್ಲಿ ಕರೆಂಟು ಹೋದರೆ
ಮೊದಲು ಗೊತ್ತಾಗುವುದು ಕಿವಿಗೆ.
ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಾಯಿ ಮುಚ್ಚಿ
ಹತ್ತನೇ ಇಯತ್ತೆಯ ಬಿ ವಿಭಾಗದಲ್ಲಿ
ನನ್ನ ದನಿ ನನಗೇ ಜೋರೆನಿಸುತ್ತದೆ.

ಪುಸ್ತಕದ ಲೆಕ್ಕದಲ್ಲಿ ಒಂದು ತೋಟ,
ತೋಟದ ಸುತ್ತ ಒಂದು ದಾರಿ.
ಯಾರೂ ಕಾಲಿಡದ ಆ ದಾರಿ ಸಾಕಾಗಿ
“ಮನಿಯಿಂದ ಒಂದೊಂದು ಲೆಕ್ಕ ತರ್ರಿ” ಅಂದಿದ್ದೆ.
ಹೆಚ್ಚಿನವರು ಮರೆತು ಬಂದರು.
ಒಬ್ಬ ಬಡ್ಡಿಯ ಲೆಕ್ಕ ತಂದ, ಅದೂ ತಪ್ಪು.
ಅಂಬುಜಾ ಖಟವಟೆ ತಂದದ್ದು
ಅಜ್ಜಿ ಹೊಲಿಯುತ್ತಿದ್ದ ಕೌದಿ.

ನಡುವಿನ ತುಂಡುಗಳೆಲ್ಲ ಕೂಡಿ
ಹತ್ತು ಗೇಣು ಉದ್ದ, ಆರು ಗೇಣು ಅಗಲ.
ಅಂಚಿಗೆಂದು ತೆಗೆದಿಟ್ಟದ್ದು
ಆರಕ್ಕೆ ಆರು ಗೇಣಿನ ಕೆಂಪು ಬಟ್ಟೆ.
ನಾಲ್ಕೂ ಕಡೆ ಒಂದೇ ಅಗಲ ಬರಬೇಕು,
ಒಂದು ಚಿಂದಿಯೂ ಉಳಿಯಬಾರದು.
ಅಂಚು ಎಷ್ಟಗಲ?

ಎಕ್ಸಿನ ವರ್ಗ, ಕೂಡಿಸು ಎಂಟು ಎಕ್ಸ್,
ಕಳೆ ಒಂಬತ್ತು, ಸಮ ಸೊನ್ನೆ.
ಬೋರ್ಡಿನ ಕೆಳತುದಿಗೆ ಎರಡು ಉತ್ತರ ಇಳಿದವು:
ಒಂದು ಗೇಣು.
ಋಣ ಒಂಬತ್ತು ಗೇಣು.

ಹತ್ತೊಂಬತ್ತು ವರ್ಷದ ರೂಢಿಯಂತೆ
ಎರಡನೆಯದರ ಮೇಲೆ ದಪ್ಪಗೆ ಗೀಟೆಳೆದೆ.
“ಅಳತಿ ಋಣ ಇರೂದಿಲ್ಲ. ಬಿಟ್ಟಬಿಡ್ರಿ.”

ಆಗಲೇ ಕರೆಂಟು ಹೋದದ್ದು.

“ಬಿಡೂದು ಹ್ಯಾಂಗ್ರಿ ಟೀಚರ್?
ನಾವು ಕರದಿಲ್ಲ, ತಾನಽ ಬಂತು.
ಎಲ್ಲಿಂದ ಬಂತು?
ಋಣ ಇದ್ರ ತೀರಸಬೇಕಂತಾಳ ನಮ್ಮಜ್ಜಿ.”

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ,
ಗೊತ್ತಿಲ್ಲದವರು ನಗುವ ಹಾಗೆ.
“ಪರೀಕ್ಷಾಕ್ಕ ಬರೂದಿಲ್ಲ, ಕೂಡು” ಅಂದೆ.
ಕೂತಳು.
ಅವಳು ಕೂತ ಸಪ್ಪಳ ನನ್ನ ಜೊತೆ ಮನೆಗೆ ಬಂತು.
ರೊಟ್ಟಿ ಬಡಿಯುವಾಗ ಋಣ ಒಂಬತ್ತು,
ಹೊಳ್ಳಿಸುವಾಗ ಋಣ ಒಂಬತ್ತು.
ಎರಡು ರೊಟ್ಟಿ ಸೀದವು.

ಮೂರನೆಯ ದಿನ, ಪ್ರಾರ್ಥನೆಗೂ ಮೊದಲು,
ಸ್ಟಾಫ್ ರೂಮಿನ ಬಾಗಿಲಲ್ಲಿ ಅಂಬುಜಾ;
ಕೈಯಲ್ಲಿ ಕರವಸ್ತ್ರದಷ್ಟು ಕೌದಿಯ ತುಂಡು.

“ಒಂದು ಗೇಣು ಹೊರಗ ಹೋದ್ರ ಅಂಚು.
ಋಣ ಅಂದ್ರ ಒಳಗ ಬರೂದು, ಹೌದಿಲ್ರಿ?
ಎಡಗಡಿ ಅಂಚು ಒಂಬತ್ತು ಗೇಣು ಒಳಗ,
ಬಲಗಡಿದೂ ಒಂಬತ್ತು.
ಇರೂದಽ ಹತ್ತು. ಒಂದನ್ನೊಂದು ದಾಟಿ ಹೋಗ್ತಾವ.
ದಾಟಿದ್ರ ಬಟ್ಟಿ ಬೋರಲ ಬೀಳತೈತಿ.”

ಟೇಬಲ್ಲಿನ ಮೇಲೆ ತುಂಡು ಬೋರಲಾಯಿತು.
ಅಡಿಯ ಗಂಟುಗಳು, ದಾರ ಸೇರಿಸಿದ ಗುರುತು,
ಅಜ್ಜಿ ತಪ್ಪಿ ಮತ್ತೆ ಹಾಕಿದ ಹೊಲಿಗೆ.

“ಇನ್ನ ಮ್ಯಾಲಿಂದು, ಕೆಳಗಿಂದು.
ಅವೂ ಹಂಗಽ ದಾಟತಾವ. ಮತ್ತ ಹೊಳ್ಳತೈತಿ.”
ಮತ್ತೆ ಮುಖ ಮೇಲೆ.
“ಹತ್ತು ಇದ್ದದ್ದು ಎಂಟಾತು, ಆರು ಇದ್ದದ್ದು ಹನ್ನೆರಡು.
ಎಂಟ ಹನ್ನೆರಡ್ಲೆ ತೊಂಬತ್ತಾರು.
ಅದಽ ಕೌದಿ ರೀ ಟೀಚರ್, ಅಡ್ಡ ಹಾಸೇತಿ ಅಷ್ಟ.”

ಋಣವನ್ನು ಋಣದಿಂದ ಗುಣಿಸಿದರೆ ಧನ.
ಎಷ್ಟು ಮಕ್ಕಳ ಬಾಯಲ್ಲಿ ಇದನ್ನು ಪಾಠ ಮಾಡಿಸಿದ್ದೇನೆ!
ಎರಡು ಸಲ ಮಗ್ಗಲು ಬದಲಿಸುವುದು ಅಂತ
ಯಾರೂ ನನಗೆ ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ.

“ಅಜ್ಜಿ ಏನಂದ್ಲು?”
ಅಜ್ಜಿ ಏನೂ ಅಂದಿರಲಿಲ್ಲ.
ಕೆಂಪು ಬಟ್ಟೆಯ ಮೇಲೆ ಕೈ ಅಗಲಿಸಿ ಇಟ್ಟು
ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು,
ಚರ್ ಚರ್ ಅಂತ ಆರು ಪಟ್ಟಿ ಹರಿದು
ಸುತ್ತ ಹೊಲಿದು ಮುಗಿಸಿದ್ದಳು.
ಸಮೀಕರಣ ಇನ್ನೂ ಬೋರ್ಡಿಗೆ ಬಂದಿರಲಿಲ್ಲ.
ಋಣ ಒಂಬತ್ತರ ಸುದ್ದಿ ಕೇಳಿ ಇಷ್ಟೇ ಅಂದಳಂತೆ:
“ಒಳಗ ಹೋದಾಕಿ ನೀನಽ.
ಉಣ್ಣಾಕರೆ ಹೊರಗ ಬಾ.”

ಉತ್ತರ ಪತ್ರಿಕೆಯ ಕೀಲಿಯಲ್ಲಿ
ಋಣ ಬೆಲೆ ಬಿಟ್ಟುದಕ್ಕೆ ಅರ್ಧ ಅಂಕ ಇರುತ್ತದೆ.
ಅರ್ಧ ಅಂಕಕ್ಕೆ ಅಳುವ ಮಕ್ಕಳು ನನ್ನ ಕ್ಲಾಸಿನಲ್ಲಿದ್ದಾರೆ.
ಅದಕ್ಕೇ ಈಗಲೂ ಹೇಳುತ್ತೇನೆ, ಗೀಟು ಹೊಡೀರಿ.
ದಪ್ಪಗೆ ಬ್ಯಾಡ, ಒಂದಽ ಸಣ್ಣ ಗೀಟು,
ಅಡಿಯಾಗಿಂದು ಓದಾಕ ಬರೂವಂಗ.